ಹುರುಪಿಗೊಂದು ಅಳತೆಗೋಲು

ಜ್ವರದ ತಾಪವನ್ನು ಉಷ್ಣಮಾಪಕ ತಿಳಿಸುತ್ತದೆ. ಆದರೆ ರೋಗಿಯನ್ನು ಉಪಚರಿಸುವ ದಾದಿಯ ಕಾರ್ಯೋತ್ಸಾಹವನ್ನು ಅಳೆಯುವ ಬಗೆ ಯಾವುದು? ಮನೋರೋಗಿಗಳ ಶುಶ್ರೂಷೆಯಲ್ಲಿ ಈ ಪ್ರಶ್ನೆಗೆ ವಿಶೇಷ ಮಹತ್ತ್ವವಿದೆ. ದೇಹದ ಗಾಯ ಮಾಯುವುದು ಕಣ್ಣಿಗೆ ಕಾಣುತ್ತದೆ. ಮನಸ್ಸಿನ ನೋವು ಮಾಯುವುದು ನಿಧಾನ, ಅದು ಸುಲಭವಾಗಿ ಕಾಣುವುದೂ ಇಲ್ಲ. ಹೀಗಿರುವಾಗ ದಿನದಿನವೂ ತಾಳ್ಮೆಯಿಂದ ದುಡಿಯುವ ಹುರುಪು ಎಲ್ಲಿಂದ ಬರಬೇಕು?

ಅಮೆರಿಕದ ವಿದ್ವಾಂಸರಾದ ರಿಚರ್ಡ್ ಹ್ಯಾಕ್‌ಮನ್ ಮತ್ತು ಗ್ರೆಗ್ ಓಲ್ಡ್‌ಹ್ಯಾಮ್ 1975ರಲ್ಲಿ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದರು. ಯಾವ ಉದ್ಯೋಗಕ್ಕಾದರೂ ಅದು ಅನ್ವಯಿಸುತ್ತದೆ. ದುಡಿಯುವವರು ಕೊಟ್ಟ ಉತ್ತರಗಳಿಂದ ಕೆಲಸದ ಐದು ಗುಣಗಳಿಗೆ 1ರಿಂದ 7ರವರೆಗೆ ಅಂಕ ದೊರೆಯುತ್ತದೆ. ಕೌಶಲಗಳ ವೈವಿಧ್ಯ, ಕೆಲಸದ ಪೂರ್ಣತೆ, ಅದರ ಮಹತ್ತ್ವ, ಈ ಮೂರರ ಸರಾಸರಿಯನ್ನು ಸ್ವಾತಂತ್ರ್ಯದ ಅಂಕದಿಂದಲೂ ಫಲದ ಅರಿವಿನ ಅಂಕದಿಂದಲೂ ಗುಣಿಸಬೇಕು. ಬರಬಹುದಾದ ಗರಿಷ್ಠ ಮೊತ್ತ 343.

ದಾದಿಯೊಬ್ಬಳ ಕೆಲಸಕ್ಕೆ ಮೊದಲ ಮೂರು ಗುಣಗಳಲ್ಲಿ 6, 5, 7 ಅಂಕಗಳು ಬಂದವೆನ್ನೋಣ. ಸರಾಸರಿ 6. ಉಳಿದೆರಡಕ್ಕೆ ತಲಾ 2 ಬಂದರೆ ಮೊತ್ತ ಕೇವಲ 24. ಆ ಎರಡೂ 5ಕ್ಕೆ ಏರಿದರೆ ಮೊತ್ತ 150 ಆಗುತ್ತದೆ. ಕೆಲಸ ಎಷ್ಟೇ ಹಿರಿದಾದರೂ, ಸ್ವಂತ ವಿವೇಚನೆಗೆ ಎಡೆಯಿಲ್ಲದಿದ್ದರೆ, ದುಡಿಮೆಯ ಫಲ ತಿಳಿಯದಿದ್ದರೆ, ಉತ್ಸಾಹ ಬಾಡುತ್ತದೆಂಬುದೇ ಈ ಲೆಕ್ಕದ ತಾತ್ಪರ್ಯ.

ಇಲ್ಲಿ ಅಳೆಯುವುದು ದಾದಿಯನ್ನಲ್ಲ, ಆಕೆಯ ಕೆಲಸವನ್ನು. ಆದುದರಿಂದ ಅಂಕ ಕಡಿಮೆಯಾದರೆ ಆಕೆಯನ್ನು ಸೋಮಾರಿಯೆಂದು ಜರೆಯುವುದು ತರವಲ್ಲ. ಚಿಕಿತ್ಸೆಯ ಸಮಾಲೋಚನೆಯಲ್ಲಿ ಆಕೆಯ ಮಾತಿಗೂ ಸ್ಥಾನವಿರಬೇಕು. ಗುಣಹೊಂದಿ ಮನೆಗೆ ಮರಳಿದವರ ಕ್ಷೇಮಸಮಾಚಾರ ಆಕೆಯನ್ನೂ ತಲುಪಬೇಕು. ಸೇವೆಯನ್ನು ಬಾಯಿತುಂಬ ಹೊಗಳಿದರಷ್ಟೇ ಸಾಲದು. ಸೇವೆ ಮಾಡುವವರ ಹುರುಪು ಉಳಿಯುವಂತೆ ಕೆಲಸವನ್ನು ರೂಪಿಸುವುದೂ ಸಮಾಜದ ಹೊಣೆ.