ತೋಟಕ್ಕೆ ಭಾರವಾದ ಮಡಿಸುವ ಚೂರಿ ಯೋಗ್ಯವೇ?

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಪ್ರಾಂತ್ಯಗಳ ಕಾಫಿತೋಟಗಳಲ್ಲಿ ಹಣ್ಣಿನ ಕೊಯ್ಲು ತೀರಿದ ಬಳಿಕ ಗಿಡಕಸಿಯ ಕೆಲಸವು ಮೊದಲಾಗುತ್ತದೆ. ಇದಕ್ಕಾಗಿ ದಪ್ಪ ಅಲಗಿನ, ಭಾರವಾದ ಮಡಿಸುವ ಚೂರಿಗಳನ್ನು ಹೆಚ್ಚಿನ ಬೆಲೆಗೆ ಕೊಳ್ಳುವುದು ಲಾಭಕರವಲ್ಲ. ದಪ್ಪ ಅಲಗು ರೆಂಬೆಯನ್ನು ಕೊಯ್ಯದೆ ಸೀಳುತ್ತದೆ. ಸೀಳಿದ ಗಾಯವು ಬೇಗನೆ ಮಾಯದು. ದಿನವಿಡೀ ಅದನ್ನು ಹಿಡಿದ ಆಳಿನ ಕೈ ಸೋಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕೀಲಿನೊಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಮರಗಸಿಯಲ್ಲಿ ಅದನ್ನೇ ಕತ್ತಿಯಂತೆ ಬೀಸಿದರೆ ಕೀಲು ಸಡಿಲಿ, ಅಲಗು ಮಡಿಚಿಕೊಂಡು ಬೆರಳಿಗೇ ಅಪಾಯವುಂಟು.

ಆದುದರಿಂದ ಎಳೆಯ ಚಿಗುರಿಗೆ ಬರಿಗೈ, ಸಣ್ಣ ರೆಂಬೆಗೆ ತೆಳುವಾದ ಹರಿತ ಚೂರಿ ಅಥವಾ ಕತ್ತರಿ, ದಪ್ಪ ಕೊಂಬೆಗೆ ಗರಗಸ, ಮರಗಸಿಗೆ ಕತ್ತಿ ಸಾಕು. ಉಳಿದ ಹಣದಲ್ಲಿ ಒಳ್ಳೆಯ ಸಾಣೆಕಲ್ಲನ್ನು ಕೊಂಡು, ಪ್ರತಿ ಸಂಜೆಯೂ ಅಲಗನ್ನು ಒರಸಿ ಎಣ್ಣೆ ಸವರಿಸತಕ್ಕದ್ದು. ಕಸಿಯ ಕ್ರಮದಲ್ಲಿ ಸಂದೇಹವುಳ್ಳ ಯಜಮಾನರು ಬಾಳೆಹೊನ್ನೂರಿನಲ್ಲಿ 1925ರಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.