ಹಣ ಪಡೆಯಲು ಪಿನ್ ಬೇಕೆ?

ಮಕ್ಕಳೇ, ಹಳೆಯ ಸೈಕಲನ್ನು ಮಾರಲು ನಿಮ್ಮ ತಂದೆ ಅದರ ಚಿತ್ರವನ್ನು ಅಂತರ್ಜಾಲದಲ್ಲಿ ಹಾಕಿದ್ದಾರೆ ಎಂದುಕೊಳ್ಳಿ. ಕೂಡಲೇ ಒಬ್ಬನ ಫೋನ್ ಬರುತ್ತದೆ. "ನಾನು ಸೈನಿಕ, ದೂರದಲ್ಲಿದ್ದೇನೆ. ನೀವು ಹೇಳಿದಷ್ಟೇ ಕೊಡುತ್ತೇನೆ" ಎನ್ನುತ್ತಾನೆ. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುಗಿಸಿ ನೋಡಿ ಕೊಳ್ಳುತ್ತೇವೆ. ಸೈಕಲನ್ನು ನೋಡದೆ, ಚೌಕಾಸಿ ಮಾಡದೆ ಕೊಳ್ಳುವವರುಂಟೆ?

ಆಮೇಲೆ ಅವನು ಕ್ಯೂಆರ್ ಚಿತ್ರವೊಂದನ್ನು ಕಳುಹಿಸುತ್ತಾನೆ. "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ" ಎನ್ನುತ್ತಾನೆ. ಮೋಸವಿರುವುದು ಇಲ್ಲಿಯೇ. ಅಂಗಡಿಯಲ್ಲಿ ಅಂಟಿಸಿದ ಕ್ಯೂಆರ್ ಚಿತ್ರವನ್ನು ಸ್ಕ್ಯಾನ್ ಮಾಡುವವರು ಯಾರು? ಹಣ ಕೊಡುವ ಗಿರಾಕಿಯಲ್ಲವೇ? ಹಾಗೆ ಪಿನ್ ಒತ್ತಿದರೆ ನಮ್ಮ ಖಾತೆಯಿಂದ ಹಣ ಹೋಗುತ್ತದೆ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ.

"ಹಣ ಬಂದಿದೆ" ಎಂಬ ಸಂದೇಶ ಸುಳ್ಳೂ ಆಗಿರಬಹುದು, ಖಾತೆಯನ್ನೇ ನೋಡಬೇಕು. ಹಣ ಹೋದರೆ ನಾಚಿ ಮುಚ್ಚಿಡದೆ ತಕ್ಷಣ 1930ಕ್ಕೆ ಕರೆಮಾಡಲು ಮನೆಯವರಿಗೆ ಹೇಳಿ. ಬೇಗ ತಿಳಿಸಿದರೆ ಹಣವನ್ನು ದಾರಿಯಲ್ಲೇ ತಡೆಯುವುದು ಸಾಧ್ಯವಾಗಬಹುದು.