ಮಗು ಹೊಲಿಯುವ ಮೊದಲ ಚೀಲ

ಹೊಲಿಗೆ ಕಲಿಯಲು ಹೊರಟ ಮಗುವಿಗೆ ಸಾಮಾನ್ಯವಾಗಿ ಒಂದು ಕರ್ಚೀಫು ಕೊಟ್ಟು, ಮೂಲೆಯಲ್ಲಿ ಹೂವು ಹಾಕು ಎನ್ನುತ್ತೇವೆ. ಹೂವು ಚೆನ್ನಾಗಿ ಬಂತೋ ಇಲ್ಲವೋ ಎಂದು ತೀರ್ಪು ಹೇಳುವವರು ದೊಡ್ಡವರೇ. ಚೀಲ ಹಾಗಲ್ಲ. ಎರಡು ಕಿಲೋ ಈರುಳ್ಳಿ ತುಂಬಿ ಎತ್ತಿದರೆ ಹೊಲಿಗೆ ನಿಂತಿತೋ ಬಿಟ್ಟಿತೋ ಮಗುವಿಗೇ ತಿಳಿಯುತ್ತದೆ. ಏಳೆಂಟು ವರ್ಷದವರ ಮೊದಲ ಹೊಲಿಗೆಗೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಕಂಡಿಲ್ಲ. ತೋಳಿಲ್ಲ, ಕಾಲರಿಲ್ಲ, ಕಾಜಾ ಇಲ್ಲ. ಎಲ್ಲವೂ ನೇರ ಗೆರೆ.

ಬಟ್ಟೆಗೆ ಅಂಗಡಿಗೆ ಹೋಗಬೇಕಿಲ್ಲ. ಚೌಕಳಿ ಲುಂಗಿಯ ಸವೆಯದ ಭಾಗ ಸಾಕು. ಅದರ ಗೆರೆ ಹಿಡಿದೇ ಕತ್ತರಿಸಬಹುದು, ಗೆರೆ ಹಿಡಿದೇ ಹೊಲಿಯಬಹುದು. ನೈಲಾನ್ ಬಟ್ಟೆ ಕೈಯಲ್ಲಿ ಜಾರುತ್ತದೆ, ಜೀನ್ಸ್ ಬಟ್ಟೆಯಲ್ಲಿ ಮಗುವಿನ ಸೂಜಿ ಇಳಿಯುವುದಿಲ್ಲ. ಹೊಸ ಹತ್ತಿಬಟ್ಟೆಯಾದರೆ ಕತ್ತರಿಸುವ ಮುಂಚೆ ನೀರಲ್ಲಿ ನೆನೆಸಿ ಒಣಗಿಸಿ, ಏಕೆಂದರೆ ಅದು ಕುಗ್ಗುತ್ತದೆ.

14 ಇಂಚು ಅಗಲ, 34 ಇಂಚು ಉದ್ದದ ಒಂದೇ ತುಂಡು ತೆಗೆದು, ಒಳಮೈ ಹೊರಗಾಗುವಂತೆ ಉದ್ದವನ್ನು ನಡುವಿಗೆ ಮಡಚಿ. ಮಡಿಕೆಯೇ ಚೀಲದ ತಳ. ಅತಿ ಹೆಚ್ಚು ಭಾರ ಬೀಳುವ ಜಾಗದಲ್ಲಿ ಹೊಲಿಗೆಯೇ ಇಲ್ಲದಂತೆ ಮಾಡಿದ್ದೇವೆ ಎಂಬುದನ್ನು ಮಗುವಿಗೆ ಹೇಳಿ. ಇಷ್ಟು ಕಾರಣ ತಿಳಿದರೆ ಮುಂದಿನ ಚೀಲವನ್ನು ಅದೇ ಯೋಚಿಸಿ ಕತ್ತರಿಸುತ್ತದೆ. ಉಳಿಯುವುದು ಎರಡು ಬದಿ. ಅರ್ಧ ಇಂಚು ಒಳಗೆ ಹೊಲಿಯಬೇಕು. ದಾರ ಮಗುವಿನ ಒಂದು ತೋಳಿನಷ್ಟೇ ಉದ್ದವಿರಲಿ, ಹೆಚ್ಚಾದರೆ ಸಿಕ್ಕಾಗುತ್ತದೆ.

ಈಗ ಸ್ವಲ್ಪ ಹೊತ್ತು ಚೀಲ ಬದಿಗಿಡಿ. ಒಂದು ತುಂಡು ಬಟ್ಟೆಯ ಮೇಲೆ ಮಗು ಮೇಲೆ-ಕೆಳಗೆ ಸೂಜಿ ಓಡಿಸಿ ರನ್ನಿಂಗ್ ಸ್ಟಿಚ್ ಹಾಕಲಿ. ಆಮೇಲೆ ದಾರದ ತುದಿ ಹಿಡಿದು ಎಳೆಯಲು ಹೇಳಿ. ಬಟ್ಟೆ ನೆರಿಗೆಗಟ್ಟುತ್ತದೆ, ದಾರ ಸರಿದು ಬರುತ್ತದೆ. ಪಕ್ಕದಲ್ಲೇ ಬ್ಯಾಕ್ ಸ್ಟಿಚ್ ತೋರಿಸಿ: ಸೂಜಿ ಒಂದು ಹೊಲಿಗೆಯಷ್ಟು ಮುಂದೆ ಮೇಲೆದ್ದು, ಹಿಂದಿನ ಹೊಲಿಗೆ ಮುಗಿದ ತೂತಿಗೇ ಮರಳಿ ಇಳಿಯಬೇಕು. ಬಟ್ಟೆಯ ಅಡಿಯಲ್ಲಿ ದಾರದ ಮೇಲೆ ದಾರ ಬರುತ್ತದೆ. ಈಗ ಎಳೆದರೆ ಸುಲಭಕ್ಕೆ ಜಾರುವುದಿಲ್ಲ. ಚೀಲದ ಬದಿಗೆ ಯಾವುದು ಬೇಕೆಂದು ನೀವು ಹೇಳಬೇಡಿ, ಮಗುವನ್ನೇ ಕೇಳಿ.

ಹಾಗೆಂದು ರನ್ನಿಂಗ್ ಸ್ಟಿಚ್ ಕೀಳಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಕೌದಿ ಹೊಲಿಯುವುದು ಅದರಿಂದಲೇ. ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಕೌದಿಯಲ್ಲಿ ಎಳೆತವನ್ನು ಹತ್ತಾರು ಸಾಲುಗಳು ಹಂಚಿಕೊಳ್ಳುತ್ತವೆ. ನಮ್ಮ ಚೀಲದ ಬದಿಗೆ ಇರುವುದು ಒಂದೇ ಸಾಲು, ಅದಕ್ಕೇ ಅದು ಗಟ್ಟಿಯಾಗಬೇಕು.

ಬಾಯಿಯ ಅಂಚನ್ನು ಮೊದಲು ಅರ್ಧ ಇಂಚು, ಮತ್ತೆ ಒಂದು ಇಂಚು ಮಡಚಿ ಹೊಲಿದರೆ ಎಳೆ ಬಿಚ್ಚುವುದಿಲ್ಲ. ಹಿಡಿಕೆಗೆ 4 ಇಂಚು ಅಗಲ, 22 ಇಂಚು ಉದ್ದದ ಎರಡು ಪಟ್ಟಿಗಳನ್ನು ಹಾಸಿನೆಳೆಯ ದಿಕ್ಕಿಗೇ ಕತ್ತರಿಸಿ. ಬಟ್ಟೆಯ ಗಟ್ಟಿ ಅಂಚು ಓಡುವ ದಿಕ್ಕೇ ಹಾಸು. ಓರೆಯಾಗಿ ಕತ್ತರಿಸಿದರೆ ಭಾರಕ್ಕೆ ಹಿಡಿಕೆ ಜಗ್ಗುತ್ತದೆ. ಪಟ್ಟಿಯನ್ನು ನಾಲ್ಕು ಪದರ ಮಡಚಿ ಉದ್ದಕ್ಕೂ ಹೊಲಿದು, ಚೀಲಕ್ಕೆ ಕೂಡುವಲ್ಲಿ ಒಂದು ಚೌಕ, ಅದರೊಳಗೆ ಒಂದು ಅಡ್ಡಗೀಟು ಗುರುತು ಬರುವಂತೆ ಹೊಲಿಯಿರಿ. ನಾಲ್ಕು ಪದರದಲ್ಲಿ ಸೂಜಿ ತಳ್ಳಲು ಮಗುವಿಗೆ ನಿಮ್ಮ ಕೈ ಬೇಕಾಗಬಹುದು. ಇಲ್ಲಿ ಮಾತ್ರ ಸಹಾಯ ಮಾಡಿ.

ಮನೆಯಲ್ಲಿ ಹೊಲಿಗೆ ಯಂತ್ರವಿದ್ದರೆ ಮಗುವಿನ ಕಣ್ಣು ಅದರ ಮೇಲೇ ಇರುತ್ತದೆ. ಮೊದಲ ಚೀಲ ಕೈಹೊಲಿಗೆಯದೇ ಆಗಲಿ. ಆದರೆ ಎರಡು ಸೂಜಿಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿ: ಕೈಸೂಜಿಯ ಕಣ್ಣು ಹಿಂತುದಿಯಲ್ಲಿದೆ, ಯಂತ್ರದ ಸೂಜಿಯ ಕಣ್ಣು ಮೊನೆಯ ಹತ್ತಿರ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲೂ ಹೀಗೇ ಇತ್ತು. ಕಣ್ಣು ಮೊನೆಯಲ್ಲಿರುವುದರಿಂದ ಸೂಜಿ ಪೂರ್ತಿ ದಾಟಬೇಕಿಲ್ಲ. ದಾರದ ಕುಣಿಕೆಯೊಂದನ್ನು ಕೆಳಗಿಳಿಸಿದರೆ ಸಾಕು, ಆ ಕುಣಿಕೆಯೊಳಗೆ ಕೆಳಗಿನ ಬಾಬಿನ್ ದಾರ ಹಾಯ್ದು ಬೀಗ ಬೀಳುತ್ತದೆ. ಮುಂದೆ ಯಂತ್ರಕ್ಕೆ ಕೂರಿಸುವಾಗ ಮೊದಮೊದಲು ದಾರವಿಲ್ಲದೆ, ಗೆರೆ ಎಳೆದ ಕಾಗದದ ಮೇಲೆ ಸೂಜಿ ಓಡಿಸಲಿ. ತೂತುಗಳು ಗೆರೆಯ ಮೇಲಿವೆಯೇ ಎಂದು ತಾನೇ ನೋಡಿಕೊಳ್ಳಬಹುದು.

ಚೀಲವನ್ನು ಒಳಗಿನಿಂದ ಹೊರಕ್ಕೆ ಮಗುವೇ ತಿರುಗಿಸಲಿ, ಅದರಲ್ಲೇ ತರಕಾರಿ ತನ್ನಿ. ಬದಿ ಎಲ್ಲಾದರೂ ಬಿಟ್ಟರೆ ಮರುದಿನ ಸೂಜಿ ದಾರ ಅದರ ಕೈಗೇ ಕೊಡಿ. ಹೊಲಿಗೆ ಸೊಟ್ಟಗಿದೆಯೆಂದು ಮಗು ಮಲಗಿದ ಮೇಲೆ ಬಿಚ್ಚಿ ತಿದ್ದುವ ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ.